ಯಾರ ಗೆಲುವು, ಯಾರ ಹೆಸರಿನ ಅಂಗಿ?

ವಾಷಿಂಗ್ಟನ್ ಫುಟ್‌ಬಾಲ್ ತಂಡದ 1987ರ ಹಂಗಾಮನ್ನು ಓದುವ ಬಗೆ

1988ರ ಜನವರಿ 31. ಅಮೆರಿಕದ ಸ್ಯಾನ್ ಡಿಯಾಗೋ ಪಟ್ಟಣ. ಆ ದೇಶದ ವೃತ್ತಿಪರ ಫುಟ್‌ಬಾಲಿನ ಕಟ್ಟಕಡೆಯ ಪಂದ್ಯ, ಅವರು ಸೂಪರ್ ಬೌಲ್ ಅನ್ನುವುದು, ಅಲ್ಲಿ ನಡೆಯಿತು. ರಾಜಧಾನಿ ವಾಷಿಂಗ್ಟನ್ನಿನ ತಂಡ ಡೆನ್ವರ್ ತಂಡವನ್ನು 42-10ರಲ್ಲಿ ಬಡಿದು ಹಾಕಿತು. ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್ ಡಗ್ ವಿಲಿಯಮ್ಸ್ ಒಬ್ಬ ಕರಿಯ. ಸೂಪರ್ ಬೌಲಿನಲ್ಲಿ ಆ ಜಾಗದಿಂದ ಆಟ ಶುರು ಮಾಡಿದ ಮೊದಲ ಕರಿಯ ಅವನು. ಗೆದ್ದ ಮೊದಲ ಕರಿಯನೂ ಅವನೇ.

ಇಷ್ಟು ಹೇಳಿ ಚಪ್ಪಾಳೆ ತಟ್ಟಿ ಕೂತರೆ ಯಾರಿಗೂ ತೊಂದರೆಯಿಲ್ಲ. ಅಮೆರಿಕದ ಪತ್ರಿಕೆಗಳು, ಟಿ.ವಿ.ಯವರು, ಆ ಆಟದ ಮಾಲೀಕರು ಎಲ್ಲರೂ ಈಗ ಹಾಗೇ ತಟ್ಟುತ್ತಾರೆ. ನನ್ನ ತಕರಾರು ಚಪ್ಪಾಳೆಯ ಮೇಲಲ್ಲ, ಕತೆ ಹೇಳುವ ಬಗೆಯ ಮೇಲೆ. ಆ ಒಂದೇ ಹಂಗಾಮಿನಲ್ಲಿ, ಆ ಒಂದೇ ತಂಡದಲ್ಲಿ ಮೂರು ಸಂಗತಿಗಳಿದ್ದವು. ಒಬ್ಬ ಕರಿಯ ಗೆದ್ದ. ಆಟಗಾರರು ಮುಷ್ಕರ ಹೂಡಿ ಸೋತರು, ಅವರ ಜಾಗಕ್ಕೆ ಕರೆತಂದ ಬದಲಿ ಆಳುಗಳು ತಂಡಕ್ಕೆ ಮೂರು ಪಂದ್ಯ ಗೆದ್ದುಕೊಟ್ಟರು. ಮತ್ತು ಇವರೆಲ್ಲ ತೊಟ್ಟ ಅಂಗಿಯ ತಂಡಕ್ಕೆ ಆ ನೆಲದ ಮೂಲನಿವಾಸಿಗಳನ್ನು ಹೀಯಾಳಿಸುವ ಬೈಗುಳವೇ ಹೆಸರಾಗಿತ್ತು. ಈ ಮೂರನ್ನೂ ಮೂರು ಬೇರೆ ಕತೆಗಳನ್ನಾಗಿ ಕತ್ತರಿಸಿ ಇಟ್ಟಿದ್ದಾರೆ. ಒಂದು ವೀರಗಾಥೆ, ಇನ್ನೊಂದು ನಗೆ ಸಿನಿಮಾ, ಮತ್ತೊಂದು ಕೋರ್ಟಿನ ಕಡತ. ಒಟ್ಟಿಗೆ ಇಟ್ಟು ಓದಿದವರು ಕಡಿಮೆ. ಹಾಗೆ ಓದಿದರೆ ಏನು ಕಾಣುತ್ತದೆ ಅನ್ನುವುದಷ್ಟೇ ಈ ಬರಹ.

ದೂರದ ದೇಶದ ಚೆಂಡಾಟ ನಮಗ್ಯಾಕೆ ಅಂತ ಕೇಳುವವರಿದ್ದಾರೆ. 1946ರಲ್ಲಿ ಬಾಬಾಸಾಹೇಬ ಅಂಬೇಡ್ಕರರು ಅಮೆರಿಕದ ಕರಿಯ ಚಿಂತಕ ಡುಬಾಯ್ಸ್‌ಗೆ ಕಾಗದ ಬರೆದರು. ಆ ಜನರ ಪಾಡೂ ನಮ್ಮ ಜನರ ಪಾಡೂ ಒಂದನ್ನೊಂದು ಹೋಲುತ್ತವೆ ಎಂದು ಕಂಡೇ ಬರೆದರು. ಆ ಓದನ್ನು ನಾವು ಮುಂದುವರಿಸಬೇಕಾಗಿದೆ.

1

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ನಾವು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, ಅಡ್ಡ ಬಂದವರನ್ನು ಗುದ್ದಿ ಕೆಡವಿ, ನೂರು ಗಜದ ಬಯಲಿನ ಆ ತುದಿಗೆ ಮುಟ್ಟಿಸುವ ಆಟ. ಒಂದೊಂದು ಕಡೆಗೆ ಹನ್ನೊಂದು ಜನ. ಪ್ರತಿಯೊಬ್ಬನಿಗೂ ಒಂದೇ ಕೆಲಸ. ಒಬ್ಬ ತಡೆಯಬೇಕು, ಒಬ್ಬ ಓಡಬೇಕು, ಒಬ್ಬ ಹಿಡಿಯಬೇಕು. ಕ್ವಾರ್ಟರ್‌ಬ್ಯಾಕ್ ಅನ್ನುವವನು ಮಾತ್ರ ಇಡೀ ಬಯಲನ್ನು ಕಣ್ಣಲ್ಲಿ ಅಳೆದು, ಚೆಂಡು ಯಾರ ಕೈಗೆ ಹೋಗಬೇಕು ಅಂತ ತೀರ್ಮಾನಿಸಬೇಕು. ಉಳಿದ ಹತ್ತು ಜನ ಅವನ ಮಾತು ಕೇಳಬೇಕು.

ಈಗ ಹೇಳಿ, ಆ ಜಾಗ ಯಾರಿಗೆ ಮೀಸಲಾಗಿತ್ತು?

1980ರ ದಶಕದ ಹೊತ್ತಿಗೆ ಈ ಲೀಗಿನ ಆಟಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕರಿಯರು. ಓಡುವುದಕ್ಕೆ, ಗುದ್ದುವುದಕ್ಕೆ, ಗುದ್ದಿಸಿಕೊಳ್ಳುವುದಕ್ಕೆ ಅವರು ಬೇಕು. ಯೋಚನೆ ಮಾಡುವ ಜಾಗ ಮಾತ್ರ ಬಿಳಿಯರದು. 1968ರಲ್ಲಿ ಮಾರ್ಲಿನ್ ಬ್ರಿಸ್ಕೋ ಎಂಬ ಕರಿಯ ಹುಡುಗ ಇದೇ ಡೆನ್ವರ್ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಆಗಿ ಆಡಿ, ಮೊದಲ ವರ್ಷದಲ್ಲೇ 14 ಟಚ್‌ಡೌನ್ ಪಾಸ್ ಎಸೆದ. ಮರುವರ್ಷ ಅವನಿಗೆ ಆ ಜಾಗ ಸಿಗಲಿಲ್ಲ. ಬಫಲೋಗೆ ಹೋಗಿ ಚೆಂಡು ಹಿಡಿಯುವ ಕೆಲಸ ಮಾಡಿದ. 1978ರಲ್ಲಿ ವಾರೆನ್ ಮೂನ್ ಕಾಲೇಜು ಆಟದಲ್ಲಿ ರೋಸ್ ಬೌಲ್ ಗೆದ್ದು ಬಂದರೂ ಒಂದು ತಂಡವೂ ಅವನನ್ನು ಆರಿಸಲಿಲ್ಲ. ಅವನು ಕೆನಡಾ ದೇಶಕ್ಕೆ ಹೋಗಿ ಆರು ವರ್ಷ ಆಡಬೇಕಾಯಿತು.

ದುಡಿಮೆಯನ್ನು ಹಂಚುವುದು ಬೇರೆ, ದುಡಿಯುವವರನ್ನೇ ಮೇಲು ಕೀಳಾಗಿ ಹಂಚುವುದು ಬೇರೆ ಅಂತ ಬಾಬಾಸಾಹೇಬರು ಗೆರೆ ಎಳೆದು ತೋರಿಸಿಕೊಟ್ಟಿದ್ದಾರೆ. ಆ ಗೆರೆಯನ್ನು ಈ ಬಯಲಿನ ಮೇಲೆ ಇಟ್ಟು ನೋಡಿ. ಹನ್ನೊಂದು ಕೆಲಸ ಇರುವುದು ತಪ್ಪಲ್ಲ. ಯಾವ ಚರ್ಮದವನು ಯಾವ ಕೆಲಸಕ್ಕೆ ಹುಟ್ಟಿದ್ದಾನೆ ಎಂಬುದನ್ನು ಆಟ ಶುರುವಾಗುವ ಮುಂಚೆಯೇ ತೀರ್ಮಾನಿಸಿದ್ದರಲ್ಲ, ಅದು ತಪ್ಪು. ಇದು ಯಾವುದೋ ಹಳೆ ಕಾಲದ ಮಾತಲ್ಲ. 1987ರ ಏಪ್ರಿಲಿನಲ್ಲಿ ಲಾಸ್ ಏಂಜಲೀಸಿನ ಬೇಸ್‌ಬಾಲ್ ತಂಡದ ದೊಡ್ಡ ಅಧಿಕಾರಿ ಆಲ್ ಕ್ಯಾಂಪಾನಿಸ್ ಟಿ.ವಿ.ಯಲ್ಲಿ ಕೂತು, ತಂಡ ನಡೆಸಲು ಬೇಕಾದ್ದು ಕರಿಯರಲ್ಲಿ ಇಲ್ಲದಿರಬಹುದು ಎಂಬರ್ಥದ ಮಾತಾಡಿ ಕೆಲಸ ಕಳೆದುಕೊಂಡ. 1988ರ ಜನವರಿ 15ರಂದು, ಅಂದರೆ ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ದಿನವೇ, ಜಿಮ್ಮಿ ದಿ ಗ್ರೀಕ್ ಎಂದು ಹೆಸರಾದ ಟಿ.ವಿ. ಪಂಡಿತ ವಾಷಿಂಗ್ಟನ್ ನಗರದ ಹೋಟೆಲಿನಲ್ಲೇ ಕೂತು, ಗುಲಾಮರ ಒಡೆಯರು ದಾಂಡಿಗ ಗಂಡಿಗೆ ದಾಂಡಿಗ ಹೆಣ್ಣನ್ನು ಕೂಡಿಸಿ ತಳಿ ತೆಗೆದದ್ದರಿಂದ ಕರಿಯರು ಆಟದಲ್ಲಿ ಮುಂದು ಅಂತ ಹೇಳಿದ. ಮರುದಿನ ಅವನನ್ನೂ ಕೆಲಸದಿಂದ ತೆಗೆದರು. ವಾಷಿಂಗ್ಟನ್ ತಂಡ ಸೂಪರ್ ಬೌಲಿಗೆ ಹೋಗುವ ಪಂದ್ಯ ಆಡಲು ಆಗ ಒಂದು ದಿನ ಬಾಕಿ.

ತೆಗೆದುಹಾಕಿದ್ದು ಬಾಯಿ ಬಿಟ್ಟವರನ್ನು. ಬಾಯಿ ಬಿಡದೆ ಅದೇ ಲೆಕ್ಕದಲ್ಲಿ ತಂಡ ಕಟ್ಟುತ್ತಿದ್ದವರು ಕುರ್ಚಿಯಲ್ಲೇ ಇದ್ದರು. ಆ ಹಂಗಾಮಿನಲ್ಲಿ 28 ತಂಡಗಳಿದ್ದವು. ಒಂದಕ್ಕೂ ಕರಿಯ ಮುಖ್ಯ ಕೋಚ್ ಇರಲಿಲ್ಲ.

2

ಈ ವಾಷಿಂಗ್ಟನ್ ತಂಡದ ಹುಟ್ಟನ್ನೂ ನೋಡಬೇಕು. ಇದನ್ನು ಕಟ್ಟಿದವನು ಜಾರ್ಜ್ ಪ್ರೆಸ್ಟನ್ ಮಾರ್ಷಲ್. 1932ರಲ್ಲಿ ಬೋಸ್ಟನ್ನಿನಲ್ಲಿ ಶುರುಮಾಡಿ, 1933ರಲ್ಲಿ ‘ರೆಡ್‌ಸ್ಕಿನ್ಸ್’ ಎಂದು ಹೆಸರಿಟ್ಟು, 1937ರಲ್ಲಿ ರಾಜಧಾನಿಗೆ ಹೊತ್ತು ತಂದ. 1934ರಿಂದ 1945ರವರೆಗೆ ಆ ಲೀಗಿನಲ್ಲೇ ಕರಿಯರಿಗೆ ಪ್ರವೇಶವಿರಲಿಲ್ಲ. ಬರೆದಿಟ್ಟ ಕಾನೂನಲ್ಲ, ಬಾಯಿಮಾತಿನ ಕಟ್ಟಳೆ. ಇಂಥ ಕಟ್ಟಳೆಗಳು ಹೇಗೆ ನಡೆಯುತ್ತವೆ ಅಂತ ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. 1946ರಲ್ಲಿ ಬಾಗಿಲು ಸ್ವಲ್ಪ ತೆರೆದ ಮೇಲೆ ಬೇರೆ ತಂಡಗಳು ಒಂದೊಂದಾಗಿ ಕರಿಯರನ್ನು ತೆಗೆದುಕೊಂಡವು. ಮಾರ್ಷಲ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅವನ ತಂಡ ದಕ್ಷಿಣದ ರಾಜ್ಯಗಳ ಬಿಳಿಯರ ತಂಡವಾಗಿ ರೇಡಿಯೋದಲ್ಲಿ ಮಾರಾಟವಾಗುತ್ತಿತ್ತು.

ಅವನನ್ನು ಬಗ್ಗಿಸಿದ್ದು ಒಳ್ಳೆಯ ಬುದ್ಧಿಯಲ್ಲ, ಕ್ರೀಡಾಂಗಣ. ಹೊಸ ಕ್ರೀಡಾಂಗಣ ಎದ್ದದ್ದು ಕೇಂದ್ರ ಸರ್ಕಾರದ ಜಮೀನಿನ ಮೇಲೆ. ಕೆನಡಿ ಸರ್ಕಾರದ ಮಂತ್ರಿ ಸ್ಟುವರ್ಟ್ ಯೂಡಾಲ್ 1961ರಲ್ಲಿ, ಕರಿಯರನ್ನು ತೆಗೆದುಕೊಳ್ಳದಿದ್ದರೆ ಆ ಜಾಗ ನಿನಗಿಲ್ಲ ಅಂತ ಖಡಾಖಂಡಿತ ಹೇಳಿದ. ತಂಡವನ್ನು ಬಿಳಿಯಾಗಿಯೇ ಇಡಿ ಅಂತ ಅಮೆರಿಕದ ನಾಜಿ ಪಕ್ಷದವರು ಫಲಕ ಹಿಡಿದು ನಿಂತರು. ಕೊನೆಗೆ 1962ರಲ್ಲಿ ಬಾಬಿ ಮಿಚೆಲ್ ಮೊದಲಾದ ಕರಿಯ ಆಟಗಾರರು ಆ ಅಂಗಿ ತೊಟ್ಟರು. ಕರಿಯರಿಗೆ ಬಾಗಿಲು ತೆರೆದ ಕಟ್ಟಕಡೆಯ ತಂಡ ಇದೇ. 1969ರಲ್ಲಿ ಸತ್ತ ಮಾರ್ಷಲ್, ತನ್ನ ಆಸ್ತಿಯಿಂದ ಕಟ್ಟುವ ಧರ್ಮಸಂಸ್ಥೆಯ ಒಂದು ಕಾಸೂ ಕರಿಯರು ಬಿಳಿಯರು ಬೆರೆಯುವ ಕೆಲಸಕ್ಕೆ ಹೋಗಬಾರದು ಅಂತ ಉಯಿಲಿನಲ್ಲಿ ಬರೆಸಿದ್ದ.

ಇಂಥವನ ತಂಡಕ್ಕೆ ಇಪ್ಪತ್ತೈದು ವರ್ಷದ ಮೇಲೆ ಒಬ್ಬ ಕರಿಯ ಕ್ವಾರ್ಟರ್‌ಬ್ಯಾಕ್ ಪಟ್ಟ ಗೆದ್ದುಕೊಟ್ಟ. ಇದರಲ್ಲಿ ನ್ಯಾಯದ ಒಂದು ರುಚಿ ಇದೆ. ಅದನ್ನು ಇಲ್ಲ ಅನ್ನುವುದು ಬೂಟಾಟಿಕೆ.

3

ಡಗ್ ವಿಲಿಯಮ್ಸ್ ಲೂಯಿಸಿಯಾನಾ ರಾಜ್ಯದ ಜ್ಯಾಕರಿ ಎಂಬ ಊರಿನವನು, 1955ರಲ್ಲಿ ಹುಟ್ಟಿದವನು. ಕರಿಯರಿಗಾಗಿಯೇ ಕಟ್ಟಿದ ಗ್ರ್ಯಾಂಬ್ಲಿಂಗ್ ವಿಶ್ವವಿದ್ಯಾಲಯದಲ್ಲಿ ಎಡ್ಡಿ ರಾಬಿನ್ಸನ್ ಎಂಬ ಹಿರಿಯ ಗುರುವಿನ ಕೈಕೆಳಗೆ ಕಲಿತ. ವೃತ್ತಿಪರ ತಂಡದ ಕೋಚ್ ಜೋ ಗಿಬ್ಸ್ ಅವನನ್ನು ನೋಡಲು ಬಂದಾಗ ವಿಲಿಯಮ್ಸ್ ಶಾಲೆಯೊಂದರಲ್ಲಿ ಮೇಷ್ಟ್ರ ತರಬೇತಿಯಲ್ಲಿದ್ದ. ಗಿಬ್ಸ್ ಹೋಗಿ ಅವನ ಪಾಠದಲ್ಲೇ ಕೂತ ಅನ್ನುತ್ತಾರೆ.

1978ರಲ್ಲಿ ಟ್ಯಾಂಪಾ ಬೇ ತಂಡ ಸೇರಿದ. ಆ ತಂಡ ಅದಕ್ಕೆ ಮುಂಚೆ ಎಲ್ಲರ ನಗೆಪಾಟಲು. ವಿಲಿಯಮ್ಸ್ ಅದನ್ನು 1979, 1981, 1982ರ ಹಂಗಾಮುಗಳಲ್ಲಿ ಮೂರು ಸಲ ಕೊನೆಯ ಸುತ್ತುಗಳಿಗೆ ಮುಟ್ಟಿಸಿದ. ಅವನಿಗೆ ಕೊಡುತ್ತಿದ್ದ ಸಂಬಳ ವರ್ಷಕ್ಕೆ 1,20,000 ಡಾಲರ್. ನಮ್ಮ ಕಣ್ಣಿಗೆ ಅದು ಕೊಪ್ಪರಿಗೆ ಹಣ. ಆದರೆ ಆ ಲೀಗಿನಲ್ಲಿ ಖಾಯಂ ಆಡುವ ಕ್ವಾರ್ಟರ್‌ಬ್ಯಾಕ್‌ಗಳಲ್ಲೇ ಅತಿ ಕಡಿಮೆ ಕೂಲಿ ಅವನದು. ಬೆಂಚಿನ ಮೇಲೆ ಕೂತಿರುತ್ತಿದ್ದ ಹಲವರಿಗೆ ಅವನಿಗಿಂತ ಹೆಚ್ಚಿತ್ತು. 6,00,000 ಕೊಡಿ ಅಂದ. ಮಾಲೀಕ ಹ್ಯೂ ಕಲ್ವರ್‌ಹೌಸ್ 4,00,000ಕ್ಕಿಂತ ಮೇಲೆ ಏರಲಿಲ್ಲ. 1983ರ ಏಪ್ರಿಲಿನಲ್ಲಿ ವಿಲಿಯಮ್ಸನ ಹೆಂಡತಿ ಮೆದುಳಿನ ಗೆಡ್ಡೆಯಿಂದ ತೀರಿಕೊಂಡಳು, ಕೈಯಲ್ಲಿ ಕೆಲವೇ ತಿಂಗಳ ಹೆಣ್ಣುಕೂಸು. ಅವನು ತಂಡ ಬಿಟ್ಟು ನಡೆದ. ಆ ವರ್ಷ ಟ್ಯಾಂಪಾ 16 ಪಂದ್ಯಗಳಲ್ಲಿ ಗೆದ್ದದ್ದು ಎರಡು.

ಅವನು ಹೋಗಿ ಸೇರಿದ ಇನ್ನೊಂದು ಲೀಗು ಮುಳುಗಿತು. 1986ರಲ್ಲಿ ವಾಷಿಂಗ್ಟನ್ನಿಗೆ ಬಂದದ್ದು ಬೆಂಚು ಕಾಯುವ ಎರಡನೆಯವನಾಗಿ. ಮೊದಲನೆಯವನು ಜೇ ಶ್ರೋಡರ್, ಬಿಳಿಯ. 1987ರ ಹಂಗಾಮಿನಲ್ಲಿ ವಿಲಿಯಮ್ಸ್ ಶುರುವಿನಿಂದ ಆಡಿದ ಲೀಗ್ ಪಂದ್ಯಗಳು ಎರಡೇ, ಎರಡರಲ್ಲೂ ಸೋಲು. ಆದರೆ ಶ್ರೋಡರ್ ಏಟು ತಿಂದಾಗ, ಎಡವಿದಾಗ ನಡುವೆ ಇಳಿದು ಪಂದ್ಯ ಗೆದ್ದುಕೊಟ್ಟವನೂ ಅವನೇ. ಕೊನೆಯ ಸುತ್ತುಗಳಿಗೆ ಗಿಬ್ಸ್ ಅವನನ್ನೇ ಇಳಿಸಿದ.

ಇದು ಮೊದಲ ಕತೆ. ಇದನ್ನು ಸಿನಿಮಾದವರೂ ಪುಸ್ತಕದವರೂ ಹೇಳುವಾಗ ತಾಳ್ಮೆ, ಶ್ರಮ, ಪ್ರತಿಭೆ ಅನ್ನುತ್ತಾರೆ. ಕೂಲಿ ಅನ್ನುವುದಿಲ್ಲ. ವಿಲಿಯಮ್ಸ್ ಮೊದಲು ಜಗಳ ಕಾಯ್ದದ್ದು ಕೂಲಿಗಾಗಿ ಅನ್ನುವುದನ್ನು ಮರೆತರೆ, ಅದೇ 1987ರಲ್ಲಿ ನಡೆದ ಎರಡನೇ ಕತೆ ಅರ್ಥವಾಗುವುದಿಲ್ಲ.

4

1987ರ ಸೆಪ್ಟೆಂಬರ್ 22ರಂದು ಲೀಗಿನ ಎಲ್ಲ ಆಟಗಾರರ ಸಂಘ ಮುಷ್ಕರಕ್ಕೆ ಕರೆ ಕೊಟ್ಟಿತು. ಸಂಘದ ಮುಂದಾಳು ಜೀನ್ ಅಪ್‌ಷಾ, ಒಬ್ಬ ಕರಿಯ, ತಾನೇ ದೀರ್ಘಕಾಲ ಗುದ್ದಿಸಿಕೊಂಡು ಆಡಿದವನು. ಮುಖ್ಯ ಬೇಡಿಕೆ ಇಷ್ಟು: ಕರಾರು ಮುಗಿದ ಮೇಲೆ ಆಟಗಾರ ತನಗೆ ಬೇಕಾದ ತಂಡಕ್ಕೆ ಹೋಗುವ ಹಕ್ಕು ಇರಬೇಕು. ಆಗ ಕಾಗದದ ಮೇಲೆ ಆ ಹಕ್ಕು ಇತ್ತು. ಆದರೆ ಅವನನ್ನು ಕರೆದುಕೊಳ್ಳುವ ಹೊಸ ಮಾಲೀಕ ಹಳೆಯ ಮಾಲೀಕನಿಗೆ ಪರಿಹಾರ ತೆರಬೇಕು ಅನ್ನುವ ನಿಯಮ ಹಾಕಿ ಹಕ್ಕಿನ ಕುತ್ತಿಗೆ ಹಿಸುಕಿದ್ದರು. ಸಾಲ ತೀರಿದ ಮೇಲೂ ಧಣಿಯ ಮನೆ ಬಿಡಲಾಗದ ಆಳಿನ ಸ್ಥಿತಿ. ಸಂಬಳ ದೊಡ್ಡದು, ನಿಜ. ಆದರೆ ಒಬ್ಬ ಆಟಗಾರ ಸರಾಸರಿ ನಾಲ್ಕು ವರ್ಷವೂ ಆಡುವುದಿಲ್ಲ. ಮಂಡಿ ಮುರಿದ ದಿನ ಕೆಲಸ ಹೋಗುತ್ತದೆ.

1982ರಲ್ಲಿ ಇದೇ ಸಂಘ 57 ದಿನ ಮುಷ್ಕರ ಮಾಡಿ ಆಟವನ್ನೇ ನಿಲ್ಲಿಸಿತ್ತು. ಮಾಲೀಕರು ಆಗ ಪಾಠ ಕಲಿತಿದ್ದರು. ಅದಕ್ಕೂ ಮುಂಚೆ 1981ರಲ್ಲಿ ಅಧ್ಯಕ್ಷ ರೇಗನ್ ಮುಷ್ಕರ ಹೂಡಿದ 11,000ಕ್ಕೂ ಹೆಚ್ಚು ವಿಮಾನ ಸಂಚಾರ ನಿಯಂತ್ರಕರನ್ನು ಒಂದೇ ಏಟಿಗೆ ಮನೆಗೆ ಕಳಿಸಿ ದೇಶದ ಎಲ್ಲ ಧಣಿಗಳಿಗೂ ದಾರಿ ತೋರಿಸಿದ್ದ. ಈ ಸಲ ತಂಡಗಳ ಮಾಲೀಕರು ಒಂದೇ ಒಂದು ವಾರದ ಪಂದ್ಯ ರದ್ದು ಮಾಡಿ, ಬದಲಿ ಆಳುಗಳನ್ನು ಹುಡುಕಿ ಅಂಗಿ ತೊಡಿಸಿ ಆಟಕ್ಕೆ ಬಿಟ್ಟರು. ಮೂರು ವಾರ ಆ ಪಂದ್ಯಗಳು ನಡೆದವು, ಲೆಕ್ಕಕ್ಕೂ ಸೇರಿದವು. ಟಿ.ವಿ. ತೋರಿಸಿತು.

ಕಟ್ಟು ಒಡೆಯಿತು. ಸ್ಯಾನ್ ಫ್ರಾನ್ಸಿಸ್ಕೋದ ಜೋ ಮೊಂಟಾನಾ, ಡಲ್ಲಾಸಿನ ಟೋನಿ ಡಾರ್ಸೆಟ್, ರ‍್ಯಾಂಡಿ ವೈಟ್ ಮೊದಲಾದ ದೊಡ್ಡ ಹೆಸರಿನವರೇ ಮುಷ್ಕರ ಬಿಟ್ಟು ಒಳಗೆ ಹೋದರು. ಒಂದು ತಂಡದವರು ಮಾತ್ರ ಒಬ್ಬನೂ ಬಿಡದೆ ಕೊನೆತನಕ ಹೊರಗೆ ನಿಂತರು. ಅದು ವಾಷಿಂಗ್ಟನ್. ಕರಿಯ, ಬಿಳಿಯ, ಖಾಯಂ ಆಡುವವನು, ಬೆಂಚು ಕಾಯುವವನು, ಎಲ್ಲರೂ. ವಿಲಿಯಮ್ಸ್ ಆ ಸಾಲಿನಲ್ಲಿದ್ದ, ಅವನ ಜಾಗದ ಎದುರಾಳಿ ಶ್ರೋಡರನೂ ಇದ್ದ. ನನ್ನ ಮಟ್ಟಿಗೆ ಆ ಹಂಗಾಮಿನ ದೊಡ್ಡ ಆಟ ಇದೇ. ಇದಕ್ಕೆ ಯಾರೂ ಪದಕ ಕೊಡಲಿಲ್ಲ. ಫಿಲಡೆಲ್ಫಿಯಾದಲ್ಲಿ ಲಾರಿ ಕಾರ್ಮಿಕರ ಸಂಘದವರು ಆಟಗಾರರ ಜೊತೆ ಕ್ರೀಡಾಂಗಣದ ಗೇಟಿನಲ್ಲಿ ನಿಂತರು. ಆ ದಿನ ಒಳಗೆ ಕೂತು ಬದಲಿಗಳ ಆಟ ನೋಡಿದವರು 4,074 ಜನ.

ಆದರೆ ವಾಷಿಂಗ್ಟನ್ನಿನ ಬದಲಿಗಳು ಗೆದ್ದುಬಿಟ್ಟರು! ಸೇಂಟ್ ಲೂಯಿಸ್ ಮೇಲೆ 28-21, ಹಿಂದಿನ ವರ್ಷದ ಪಟ್ಟದ ತಂಡ ನ್ಯೂಯಾರ್ಕ್ ಜೈಂಟ್ಸ್ ಮೇಲೆ 38-12, ಅಕ್ಟೋಬರ್ 19ರ ರಾತ್ರಿ ಡಲ್ಲಾಸಿನಲ್ಲಿ 13-7. ಡಲ್ಲಾಸ್ ಕಡೆ ಮುಷ್ಕರ ಮುರಿದ ಹಳೆಯ ಹುಲಿಗಳೇ ಆಡುತ್ತಿದ್ದರು. ಆ ಹೊತ್ತಿಗೆ ಮುಷ್ಕರವೂ ಸತ್ತಿತ್ತು. ಅಕ್ಟೋಬರ್ 15ಕ್ಕೆ, 24ನೇ ದಿನಕ್ಕೆ, ಏನೂ ಕೈಗೆ ಸಿಗದೆ ಸಂಘ ಶರಣಾಗಿತ್ತು. ಬಂದವರಿಗೆ ಮಾಲೀಕರು, ಗಡುವು ಮೀರಿದೆ, ಈ ವಾರ ನಿಮಗೆ ಆಟವೂ ಇಲ್ಲ ಕಾಸೂ ಇಲ್ಲ ಅಂದಿದ್ದರು. ಆ ವರ್ಷದ ಲೀಗ್ ಪಂದ್ಯಗಳಲ್ಲಿ ವಾಷಿಂಗ್ಟನ್ನಿನ ಲೆಕ್ಕ 11 ಗೆಲುವು, 4 ಸೋಲು. ಆ ಹನ್ನೊಂದರಲ್ಲಿ ಮೂರು, ಹೊರಗೆ ನಿಂತವರ ಹೊಟ್ಟೆಯ ಮೇಲೆ ಹೊಡೆದು ಬಂದವು.

ಈ ಬದಲಿಗಳನ್ನು ಏನೆನ್ನೋಣ? ಇಂಗ್ಲಿಷಿನಲ್ಲಿ ಅವರನ್ನು ಸ್ಕ್ಯಾಬ್ ಅಂತ ಬೈಯುತ್ತಾರೆ. ಅಂದರೆ ಗಾಯದ ಮೇಲಿನ ಹಕ್ಕಳೆ. ನಮ್ಮ ಕಾರ್ಖಾನೆ ಗೇಟುಗಳಲ್ಲೂ ಇವರನ್ನು ಬೈದಿದ್ದೇವೆ, ಬೈಯಲೇಬೇಕಾಗುತ್ತದೆ. ಆದರೆ ಒಬ್ಬೊಬ್ಬನ ಮುಖ ನೋಡಿದರೆ ಬೈಗುಳ ಗಂಟಲಲ್ಲೇ ನಿಲ್ಲುತ್ತದೆ. ಡಲ್ಲಾಸಿನ ಆ ರಾತ್ರಿ ವಾಷಿಂಗ್ಟನ್ನಿನ ಬದಲಿ ಕ್ವಾರ್ಟರ್‌ಬ್ಯಾಕ್ ಎಡ್ ರುಬರ್ಟ್ ಏಟು ತಿಂದು ಹೊರಗೆ ಹೋದ. ಅವನ ಬದಲಿಗೆ ಇಳಿದವನು ಟೋನಿ ರಾಬಿನ್ಸನ್. ಕರಿಯ. ಕಾಲೇಜಿನಲ್ಲಿ ದೊಡ್ಡ ಹೆಸರು ಮಾಡಿದ್ದವನು. ಮಂಡಿ ಪೆಟ್ಟಾಗಿ, ಮಾದಕ ವಸ್ತುವಿನ ಕೇಸಿನಲ್ಲಿ ಶಿಕ್ಷೆಯಾಗಿ, ಜೈಲಿನಿಂದ ರಜೆಯ ಮೇಲೆ ಬಂದು ಆಡುತ್ತಿದ್ದ. ಪಂದ್ಯ ಗೆದ್ದುಕೊಟ್ಟ. ಆಮೇಲೆ ಜೈಲಿಗೆ ವಾಪಸು ಹೋದ. ಮೂರು ತಿಂಗಳ ಮೇಲೆ ಇನ್ನೊಬ್ಬ ಕರಿಯ ಕ್ವಾರ್ಟರ್‌ಬ್ಯಾಕ್ ಅದೇ ಅಂಗಿಯಲ್ಲಿ ಇಡೀ ದೇಶದ ಕಣ್ಣ ಮುಂದೆ ಮೆರೆದ. ರಾಬಿನ್ಸನ್ ತುಳಿದದ್ದು ವಿಲಿಯಮ್ಸನ ಹೊಟ್ಟೆಯನ್ನು. ಆದರೆ ಅವನಿಗೆ ಆ ಒಂದು ರಾತ್ರಿಯ ಬಾಗಿಲು ತೆರೆದದ್ದು ಧಣಿ ಮಾತ್ರ. ಸಂಘಕ್ಕೆ ಅವನು ಯಾರೂ ಅಲ್ಲ. ಹೊರಗಿರುವ ಹಸಿದವನನ್ನು ಮೊದಲೇ ತಬ್ಬಿಕೊಳ್ಳದ ಸಂಘದ ಮುಷ್ಕರವನ್ನು ಧಣಿ ಹಸಿದವನ ಕೈಯಲ್ಲೇ ಮುರಿಸುತ್ತಾನೆ. ಇದು ಆ ಆಟದ ಮಾತಷ್ಟೇ ಅಲ್ಲ.

ಈಗ 2000ದಲ್ಲಿ ಬಂದ ‘ದಿ ರಿಪ್ಲೇಸ್‌ಮೆಂಟ್ಸ್’ ಸಿನಿಮಾ ನೋಡಿ. ಇದೇ ಮುಷ್ಕರದ ಕತೆಯ ಎಳೆ ಹಿಡಿದು ಮಾಡಿದ್ದು, ತಂಡವೂ ವಾಷಿಂಗ್ಟನ್ನಿನದೇ, ಹೆಸರು ಮಾತ್ರ ಬೇರೆ. ಅದರಲ್ಲಿ ಮುಷ್ಕರ ಹೂಡಿದವರು ದುರಹಂಕಾರದ ಹಣದಾಸೆಯವರು. ಬದಲಿಗಳು ಬಡವರು, ತಮಾಷೆಯವರು, ಒಳ್ಳೆಯ ಹೃದಯದವರು. ನಾಯಕ ಕ್ವಾರ್ಟರ್‌ಬ್ಯಾಕ್ ಕಿಯಾನೂ ರೀವ್ಸ್. ಜೈಲಿನಿಂದ ಬಂದವನೂ ಒಬ್ಬ ಇದ್ದಾನೆ, ಆದರೆ ಕ್ವಾರ್ಟರ್‌ಬ್ಯಾಕ್ ಅವನಲ್ಲ. ರಾಬಿನ್ಸನ್ ನಿಂತ ಜಾಗದಿಂದ ರಾಬಿನ್ಸನ್ನನ್ನೇ ಎತ್ತಿ ಆಚೆ ಇಟ್ಟಿದ್ದಾರೆ. ಮಾಲೀಕ ಹಿಂದಿನ ಸಾಲಿನಲ್ಲಿ ಆರಾಮವಾಗಿ ಕೂತಿದ್ದಾನೆ. ಕರಾರಿನ ಮಾತು, ಹಕ್ಕಿನ ಮಾತು ಎಲ್ಲೂ ಇಲ್ಲ. ಬಡವನನ್ನು ಪ್ರೀತಿಸುವ ಹಾಗೆ ಕಾಣಿಸುತ್ತಾ ಬಡವರ ಸಂಘವನ್ನು ಹೊಡೆಯುವ ಕಲೆ ಇದು. ಚಿತ್ರಮಂದಿರದಲ್ಲಿ ನಾವೂ ನಕ್ಕುಬಿಡುತ್ತೇವೆ, ಅದೇ ಅಪಾಯ. ನಿಜವಾದ ಬದಲಿಗಳಿಗೋ ಆ ತಂಡ ಪಟ್ಟದ ಉಂಗುರ ಕೊಟ್ಟದ್ದು 2018ರಲ್ಲಿ, ಮೂವತ್ತು ವರ್ಷವಾದ ಮೇಲೆ, ಅವರ ಬಗ್ಗೆ ಒಂದು ಸಾಕ್ಷ್ಯಚಿತ್ರ ಬಂದ ಮೇಲೆ.

ಮುಷ್ಕರ ಸೋತರೂ ಹೋರಾಟ ಸಾಯಲಿಲ್ಲ. ಸಂಘ ಕೋರ್ಟಿಗೆ ಹೋಯಿತು. 1992ರಲ್ಲಿ ಮಿನಿಯಾಪೊಲಿಸಿನ ಜ್ಯೂರಿ ಮಾಲೀಕರ ಕಟ್ಟುಪಾಡು ತಪ್ಪೆಂದಿತು. 1993ರಿಂದ ಆಟಗಾರರಿಗೆ ತಂಡ ಬದಲಿಸುವ ಹಕ್ಕು ಬಂತು. ಅಷ್ಟು ಹೊತ್ತಿಗೆ 1987ರಲ್ಲಿ ಗೇಟಿನಾಚೆ ನಿಂತಿದ್ದ ಬಹುಪಾಲು ಜನರ ಆಟದ ಕಾಲ ಮುಗಿದಿತ್ತು. ವಿಲಿಯಮ್ಸನದೂ.

5

ಮತ್ತೆ ಸ್ಯಾನ್ ಡಿಯಾಗೋಗೆ ಬರೋಣ. ವಾಷಿಂಗ್ಟನ್ ಅಲ್ಲಿಗೆ ಬಂದದ್ದು ಶಿಕಾಗೋವನ್ನು 21-17ರಲ್ಲಿ, ಮಿನಿಸೋಟವನ್ನು 17-10ರಲ್ಲಿ ಸೋಲಿಸಿ. ಪಂದ್ಯದ ಹಿಂದಿನ ದಿನ ವಿಲಿಯಮ್ಸನ ಹಲ್ಲಿನ ಬೇರಿಗೆ ಚಿಕಿತ್ಸೆ ಆಗಿತ್ತು. ಮೊದಲ ಕಾಲುಭಾಗದಲ್ಲಿ ಡೆನ್ವರ್ 10-0 ಮುಂದೆ ಹೋಯಿತು. ವಿಲಿಯಮ್ಸ್ ಜಾರಿ ಬಿದ್ದು ಮಂಡಿ ತಿರುಚಿಕೊಂಡ. ಎದ್ದು ಹೊರಗೆ ಹೋದ, ಎರಡನೇ ಕಾಲುಭಾಗಕ್ಕೆ ಕುಂಟುತ್ತಾ ವಾಪಸು ಬಂದ. ಬಂದ ಮೊದಲ ಎಸೆತವೇ ರಿಕಿ ಸ್ಯಾಂಡರ್ಸ್ ಕೈಸೇರಿ 80 ಗಜದ ಟಚ್‌ಡೌನ್. ಆಮೇಲೆ ನಿಲ್ಲಲಿಲ್ಲ. ಹದಿನೆಂಟು ಆಟಗಳಲ್ಲಿ ಐದು ಟಚ್‌ಡೌನ್, 35 ಅಂಕ, ನಾಲ್ಕು ಟಚ್‌ಡೌನಿಗೆ ಎಸೆದವನು ವಿಲಿಯಮ್ಸ್, ಎಲ್ಲ ಒಂದೇ ಕಾಲುಭಾಗದಲ್ಲಿ. ಒಟ್ಟು 340 ಗಜ ಎಸೆದ. ಪಂದ್ಯದ ಶ್ರೇಷ್ಠ ಆಟಗಾರ ಎಂದು ಅವನನ್ನೇ ಕರೆದರು. ಕರಿಯನಿಗೆ ಬುದ್ಧಿ ಸಾಲದು ಅನ್ನುತ್ತಿದ್ದ ಪಂಡಿತರಿಗೆ ಅವನು ಬಾಯಲ್ಲಿ ಉತ್ತರ ಕೊಡಬೇಕಾಗಲಿಲ್ಲ.

ವಾಷಿಂಗ್ಟನ್ ನಗರದಲ್ಲಿ ಆಗ ಹೆಚ್ಚಿನ ಜನ ಕರಿಯರೇ. ಆ ರಾತ್ರಿ ಆ ಕೇರಿಗಳಲ್ಲಿ ಎದ್ದ ಸಂತೋಷವನ್ನು ಬಂಡವಾಳಶಾಹಿ ಸರ್ಕಸ್ಸು ಅಂತ ತಳ್ಳಿಹಾಕುವ ಸಂಗಾತಿಗಳ ಜೊತೆ ನನಗೆ ಜಗಳವಿದೆ. ನಮ್ಮವನೊಬ್ಬ ಮೊದಲ ಸಲ ಕುರ್ಚಿಯ ಮೇಲೆ ಕೂತದ್ದನ್ನು ನೋಡಿ ಕಣ್ಣೀರು ಬಂದವರಿಗೆ ಸಿದ್ಧಾಂತ ಹೇಳಿ ನಾಚಿಸುವುದು ಹೊಟ್ಟೆ ತುಂಬಿದವರ ಚಟ. ಮೂರು ದಿನದ ಮೇಲೆ ಶ್ವೇತಭವನದಲ್ಲಿ ಸನ್ಮಾನ ನಡೆಯಿತು. ಮುಷ್ಕರ ಮುರಿಯುವುದನ್ನು ದೇಶಕ್ಕೆ ಕಲಿಸಿದ ರೇಗನ್ನೇ ಚೆಂಡು ಹಿಡಿದು ಸ್ಯಾಂಡರ್ಸ್‌ಗೆ ಎಸೆದ. ಎಲ್ಲರೂ ನಕ್ಕರು. ಗೆದ್ದ ದುಡಿಮೆಗಾರರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಫೋಟೋ ಹೊಡೆಸಿಕೊಳ್ಳುವುದು ಎಲ್ಲ ದೇಶದ ಧಣಿಗಳಿಗೂ ಗೊತ್ತಿರುವ ವಿದ್ಯೆ.

6

ಉಳಿದದ್ದು ಅಂಗಿಯ ಮಾತು.

‘ರೆಡ್‌ಸ್ಕಿನ್’ ಅಂದರೆ ಕೆಂಪು ಚರ್ಮದವನು. ಬರೀ ಬಣ್ಣದ ಮಾತಲ್ಲ ಅದು. 1863ರಲ್ಲಿ ಮಿನಿಸೋಟ ರಾಜ್ಯದ ಒಂದು ಪತ್ರಿಕೆ, ಕೊಂದ ಪ್ರತಿಯೊಬ್ಬ ಮೂಲನಿವಾಸಿಗೆ 200 ಡಾಲರ್ ಇನಾಮು ಸಿಗುತ್ತದೆಂದು ಅಚ್ಚು ಹಾಕಿದಾಗ ಬಳಸಿದ್ದು ಇದೇ ಪದ. ನಮ್ಮ ಕೇರಿಯ ಹೆಸರು ಹಿಡಿದು ಬೈಯುವ ಪದವೊಂದನ್ನು ಒಂದು ತಂಡಕ್ಕೆ ಇಟ್ಟು, ಸಾವಿರಾರು ಜನ ಅದನ್ನು ಜಯಘೋಷ ಮಾಡುವುದನ್ನು ಕಲ್ಪಿಸಿಕೊಳ್ಳಿ. ಇದು ಗೌರವ ಅಂತ ಮಾಲೀಕರು ಹೇಳುತ್ತಾ ಬಂದರು. ಮೂಲನಿವಾಸಿಗಳ ಮುಖಂಡರು 1972ರಲ್ಲೇ ತಂಡದವರನ್ನು ಕಂಡು ಹೆಸರು ತೆಗೆಯಿರಿ ಎಂದು ಕೇಳಿದ್ದರು. ಅಂದರೆ ವಿಲಿಯಮ್ಸ್ ಗೆಲ್ಲುವ ಹೊತ್ತಿಗೆ ಆ ಬೇಡಿಕೆಗೆ ಹದಿನೈದು ವರ್ಷ ತುಂಬಿತ್ತು.

ಆ ಕಾಲದ ವಾಷಿಂಗ್ಟನ್ ಕ್ರೀಡಾಂಗಣದ ಅತಿ ಪ್ರೀತಿಯ ಅಭಿಮಾನಿ ಜೀಮಾ ವಿಲಿಯಮ್ಸ್. ಜನ ಅವನನ್ನು ಚೀಫ್ ಜೀ ಅನ್ನುತ್ತಿದ್ದರು. 1978ರಿಂದ ತಲೆಗೆ ಗರಿಗಳ ಕಿರೀಟ, ಕೈಯಲ್ಲಿ ಆಟದ ಕೊಡಲಿ ಹಿಡಿದು ಬರುತ್ತಿದ್ದ. ಅವನು ಕರಿಯ. ತಂಡವನ್ನು ಜೀವದಂತೆ ಪ್ರೀತಿಸಿದ, ಅವನಲ್ಲಿ ಹಗೆಯಿತ್ತು ಅಂತ ನಾನು ಹೇಳಲಾರೆ. ಆದರೆ ಕರಿಯರಿಗೆ ಬಾಗಿಲು ಹಾಕಿದ್ದ ತಂಡದೊಳಗೆ ಕೊನೆಗೂ ಬಂದ ಕರಿಯನೊಬ್ಬ, ಇನ್ನೊಂದು ತುಳಿತಕ್ಕೊಳಗಾದ ಜನದ ವೇಷ ಹಾಕಿ ಕುಣಿಯುವುದನ್ನು ನೋಡಿ ಬಿಳಿಯರ ಗ್ಯಾಲರಿ ಚಪ್ಪಾಳೆ ತಟ್ಟುತ್ತದೆ. ಈ ಚಿತ್ರವನ್ನು ನೆನೆದಾಗ ನನಗೆ ಸಂಕಟವಾಗುತ್ತದೆ. ಮೇಲೆ ಹತ್ತಿದವನ ಕಾಲ ಕೆಳಗೆ ಇನ್ನೊಬ್ಬನ ಹೆಗಲಿರುತ್ತದೆ ಅನ್ನುವುದು ಹತ್ತುವವನಿಗೆ ಕಾಣುವುದಿಲ್ಲ. ಕಾಣದ ಹಾಗೆ ಏಣಿಯನ್ನು ಮಾಡಿದ್ದಾರೆ.

1992ರಲ್ಲಿ ಹೋರಾಟಗಾರ್ತಿ ಸುಝಾನ್ ಶೋನ್ ಹಾರ್ಜೋ ಮತ್ತು ಸಂಗಾತಿಗಳು ಆ ಹೆಸರಿನ ವ್ಯಾಪಾರದ ಹಕ್ಕನ್ನೇ ರದ್ದು ಮಾಡಿ ಎಂದು ಅರ್ಜಿ ಹಾಕಿದರು. ಗೆದ್ದರು, ಮೇಲಿನ ಕೋರ್ಟಿನಲ್ಲಿ ಸೋತರು. ಆಮೇಲೆ ಅಮಾಂಡಾ ಬ್ಲ್ಯಾಕ್‌ಹಾರ್ಸ್ ಮುಂದಾಗಿ 2014ರಲ್ಲಿ ಮತ್ತೆ ಗೆದ್ದರು, 2017ರ ಹೊತ್ತಿಗೆ ಅದೂ ಕೈತಪ್ಪಿತು. ಹೆಸರನ್ನು ಎಂದೂ ಬದಲಿಸುವುದಿಲ್ಲ ಅಂತ 2013ರಲ್ಲಿ ಎದೆ ತಟ್ಟಿ ಹೇಳಿದ್ದ ಮಾಲೀಕ ಡ್ಯಾನ್ ಸ್ನೈಡರ್ 2020ರ ಜುಲೈಯಲ್ಲಿ ಬದಲಿಸಿದ. ಜಾರ್ಜ್ ಫ್ಲಾಯ್ಡ್ ಕೊಲೆಯ ಮೇಲೆ ಬೀದಿಗಳು ಎದ್ದಿದ್ದವು, ಜಾಹೀರಾತಿನ ಹಣ ಕೊಡುವ ಕಂಪನಿಗಳು ಹೆದರಿದ್ದವು. ಕರಿಯರ ಬೀದಿ ಹೋರಾಟದ ಬಿಸಿ ಮೂಲನಿವಾಸಿಗಳ ಮೈಮೇಲಿನ ಬೈಗುಳವನ್ನು ಸುಟ್ಟಿತು. 1988ರ ಗೆಲುವು ಮಾಡಲಾಗದ್ದನ್ನು 2020ರ ಸಿಟ್ಟು ಮಾಡಿತು. 2022ರಿಂದ ಆ ತಂಡ ‘ಕಮಾಂಡರ್ಸ್’. 2025ರಲ್ಲಿ ಅಧ್ಯಕ್ಷ ಟ್ರಂಪ್, ಹಳೆಯ ಹೆಸರು ವಾಪಸು ತರದಿದ್ದರೆ ಹಳೆಯ ಜಾಗದಲ್ಲಿ ಹೊಸ ಕ್ರೀಡಾಂಗಣದ ಒಪ್ಪಂದಕ್ಕೆ ಅಡ್ಡ ಬರುವೆ ಅಂತ ಬೆದರಿಸಿದ. 1961ರಲ್ಲಿ ಯಾವ ನೆಲದ ಹಕ್ಕನ್ನು ಹಿಡಿದು ಬಾಗಿಲು ತೆರೆಸಿದರೋ ಅದೇ ನೆಲವನ್ನು ಹಿಡಿದು ಬೈಗುಳವನ್ನು ವಾಪಸು ಕರೆಯುವ ಮಾತು!

7

ಹಾಗಾದರೆ ವಿಲಿಯಮ್ಸನ ಗೆಲುವು ಏನು ಬದಲಿಸಿತು? ಒಂದು ಸುಳ್ಳನ್ನು ಬಯಲು ಮಾಡಿತು. ಕಡಿಮೆಯಲ್ಲ ಅದು. ಆದರೂ ಸೂಪರ್ ಬೌಲ್ ಗೆದ್ದ ಎರಡನೇ ಕರಿಯ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಬರಲು 2014ರ ತನಕ, ಇಪ್ಪತ್ತಾರು ವರ್ಷ ಕಾಯಬೇಕಾಯಿತು. ಎರಡೂ ಕಡೆ ಕರಿಯ ಕ್ವಾರ್ಟರ್‌ಬ್ಯಾಕ್‌ಗಳು ನಿಂತದ್ದು 2023ರಲ್ಲಿ. ಈ ನಡುವೆ 2016ರಲ್ಲಿ ಪೊಲೀಸರ ಗುಂಡಿಗೆ ಸಾಯುವ ಕರಿಯರಿಗಾಗಿ ರಾಷ್ಟ್ರಗೀತೆಯ ಹೊತ್ತಿನಲ್ಲಿ ಮಂಡಿಯೂರಿದ ಕಾಲಿನ್ ಕೆಪರ್ನಿಕ್‌ಗೆ ಮರುವರ್ಷದಿಂದ ಯಾವ ತಂಡವೂ ಕೆಲಸ ಕೊಡಲಿಲ್ಲ. ಕರಿಯನ ಕೈಗೆ ಚೆಂಡು ಕೊಡುತ್ತಾರೆ. ಅವನು ಬಾಯಿ ತೆರೆದರೆ ಚೆಂಡು ಕಸಿಯುತ್ತಾರೆ.

1987ರ ಆ ಬಯಲಿನಲ್ಲಿ ಮೂರು ಜನರಿದ್ದರು. ಯೋಚಿಸುವ ಜಾಗ ಕೇಳಿದ ಕರಿಯರು, ಸ್ವಂತ ದುಡಿಮೆಯ ಮೇಲೆ ಹಕ್ಕು ಕೇಳಿದ ಆಟಗಾರರು, ತಮ್ಮ ಹೆಸರಿನ ಮಾನ ಕೇಳಿದ ಮೂಲನಿವಾಸಿಗಳು. ಮೂವರ ಎದುರಾಳಿ ಒಬ್ಬನೇ, ಮಾಲೀಕ. ಮೂವರೂ ಒಬ್ಬರಿಗೊಬ್ಬರು ಕಾಣದ ಹಾಗೆ ನಿಂತಿದ್ದರು. ಅವರನ್ನು ಹಾಗೆ ನಿಲ್ಲಿಸಿದ ವ್ಯವಸ್ಥೆಯೇ ಅವರ ಕತೆಗಳನ್ನೂ ಈಗ ಬೇರೆ ಬೇರೆ ಮಾಡಿ ಹೇಳುತ್ತಿದೆ.

ನಮ್ಮ ಹಳ್ಳಿ ಶಾಲೆಗಳ ಮೇಷ್ಟ್ರುಗಳು ಯಾರಾದರೂ ಮಕ್ಕಳಿಗೆ ಡಗ್ ವಿಲಿಯಮ್ಸನ ಕತೆ ಹೇಳುವುದಾದರೆ ಹೇಳಿ, ಖಂಡಿತ ಹೇಳಿ. ಕುಂಟುತ್ತಾ ವಾಪಸು ಬಂದದ್ದನ್ನು, ಆ 80 ಗಜದ ಎಸೆತವನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳಿ. ಆಮೇಲೆ ಗೇಟಿನಾಚೆ ಒಬ್ಬನೂ ಕದಲದೆ ನಿಂತದ್ದನ್ನು ಹೇಳಿ. ಜೈಲಿಗೆ ವಾಪಸು ಹೋದ ರಾಬಿನ್ಸನ್ನನನ್ನೂ ಮರೆಯಬೇಡಿ. ಕೊನೆಗೆ ಅವನ ಅಂಗಿಯ ಮೇಲೆ ಏನಿತ್ತು ಅಂತ ಯಾವ ಮಗುವಾದರೂ ಕೇಳಿದರೆ, ಅದನ್ನೂ ಮುಚ್ಚಿಡದೆ ಹೇಳಿ.